ಸಾಲವೋ, ಎಲ್ಲೆ ಮೀರಿದ್ದೋ?



ಪ್ರಭು ಯೇಸು ಕಲಿಸಿಕೊಟ್ಟ ಪ್ರಾರ್ಥನೆಯನ್ನು ನಾವು ದಿನಕ್ಕೆ ಎಷ್ಟು ಬಾರಿ ಹೇಳುತ್ತೇವೆ! ಬೆಳಗಿನ ಜಪದಲ್ಲಿ ಹೇಳುತ್ತೇವೆ, ಸಂಜೆ ಜಪಸರ ಹಿಡಿದಾಗ ಪ್ರತಿ ರಹಸ್ಯದ ಆರಂಭದಲ್ಲೂ ಹೇಳುತ್ತೇವೆ, ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ಹೇಳುತ್ತೇವೆ. ನಾಲಿಗೆಗೆ ಅಭ್ಯಾಸವಾದ ಮಾತು ಕೆಲವೊಮ್ಮೆ ಕಿವಿಗೆ ಕೇಳಿಸುವುದೇ ಇಲ್ಲ. ಆ ಪ್ರಾರ್ಥನೆಯಲ್ಲಿ ನಾವು ದೇವರ ಕ್ಷಮೆ ಬೇಡುವ ಭಾಗವೊಂದಿದೆ. ಅಲ್ಲಿ ನಮ್ಮ ಕನ್ನಡದ ಪದ 'ತಪ್ಪು'. ಚಿಕ್ಕ ಪದ, ಮಗುವಿಗೂ ಅರ್ಥವಾಗುವ ಪದ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಿಮ್ಮ ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ. ಶಾಲೆಯಲ್ಲಿ ಇದೇ ಪ್ರಾರ್ಥನೆ ಹೇಳುವಾಗ ಆ ಜಾಗದಲ್ಲಿ 'ಟ್ರೆಸ್‌ಪಾಸಸ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಾರ್ಥಿಸುವ ಕಥೋಲಿಕರ ಪದ ಅದೇ. ಆದರೆ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರು ಅಲ್ಲಿ 'ಡೆಟ್ಸ್' ಎನ್ನುತ್ತಾರೆ. ಎರಡು ಸಭೆಯವರು ಒಂದೆಡೆ ಸೇರಿ ಪ್ರಾರ್ಥಿಸಿದರೆ ಅಲ್ಲಿಯವರೆಗೆ ಒಂದಾಗಿದ್ದ ಧ್ವನಿ ಈ ಪದ ಬಂದ ಕೂಡಲೇ ಎರಡಾಗುತ್ತದೆ. ಒಂದೇ ತಂದೆಯನ್ನು ಕರೆಯುವ ಮಕ್ಕಳು ಒಂದೇ ಕ್ಷಮೆಗೆ ಎರಡು ಪದ ಏಕೆ ಬಳಸುತ್ತಾರೆ? ಈ ಪ್ರಶ್ನೆ ನಮಗೆ ಬೇಕೇ ಎಂದು ನೀವು ಕೇಳಬಹುದು. ಬೇಕು. ಏಕೆಂದರೆ ನಮ್ಮ 'ತಪ್ಪು' ಎಂಬ ಒಂದೇ ಪದದೊಳಗೆ ಆ ಎರಡೂ ಅಡಗಿವೆ. ನಾವು ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಮಾತ್ರ ನೆನೆದು ಎದೆ ಬಡಿದುಕೊಳ್ಳುತ್ತೇವೆ.

ಎರಡು ಪದಗಳು ಬಂದ ದಾರಿ

'ಡೆಟ್' ಎಂದರೆ ಸಾಲ, ಕೊಡಬೇಕಾದದ್ದು. 'ಟ್ರೆಸ್‌ಪಾಸ್' ಎಂದರೆ ಎಲ್ಲೆ ದಾಟುವುದು, ಇನ್ನೊಬ್ಬರ ಜಾಗಕ್ಕೆ ಅವರ ಒಪ್ಪಿಗೆಯಿಲ್ಲದೆ ಕಾಲಿಡುವುದು. ಮೊದಲನೆಯದರ ಮೂಲ ಲ್ಯಾಟಿನ್ನಿನ 'ದೆಬಿತುಮ್'. ಎರಡನೆಯದು ಹಳೆಯ ಫ್ರೆಂಚಿನಿಂದ ಬಂದದ್ದು. ಆಚೆಗೆ ದಾಟಿ ಹೋಗುವುದು ಎಂದೇ ಅದರ ಅರ್ಥ.

ಸಂತ ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಪ್ರಾರ್ಥನೆಯೊಳಗೆ ಇರುವುದು 'ಸಾಲಗಳು' ಎಂಬ ಪದ (ಮತ್ತಾಯ ೬:೧೨). ಪ್ರಾರ್ಥನೆ ಮುಗಿದ ಮೇಲೆ ಪ್ರಭು ಅದನ್ನು ವಿವರಿಸುವಾಗ ಬಳಸುವ ಪದವೇ ಬೇರೆ. ದಾರಿ ತಪ್ಪಿ ಬೀಳುವುದು ಎಂಬ ಭಾವ ಅದರದು (೬:೧೪-೧೫). ಸಂತ ಲೂಕನಂತೂ ಒಂದೇ ವಾಕ್ಯದಲ್ಲಿ ಎರಡನ್ನೂ ಇಟ್ಟಿದ್ದಾನೆ. ದೇವರಿಂದ ನಾವು ಬೇಡುವುದು ಪಾಪಗಳ ಕ್ಷಮೆಯನ್ನು. ನಾವು ಕ್ಷಮಿಸುವುದು ನಮಗೆ ಸಾಲಗಾರರಾದವರನ್ನು (ಲೂಕ ೧೧:೪). ಪ್ರಭು ಆಡುತ್ತಿದ್ದ ಅರಮೇಯ ಭಾಷೆಯಲ್ಲಿ 'ಹೋಬಾ' ಎಂಬ ಒಂದೇ ಪದಕ್ಕೆ ಸಾಲ ಎಂಬ ಅರ್ಥವೂ ಇತ್ತು, ಪಾಪ ಎಂಬ ಅರ್ಥವೂ ಇತ್ತು. ಗಲಿಲೇಯದ ಬಡ ರೈತನಿಗೆ ಎರಡನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲ್ಯಾಟಿನ್ ಬಲಿಪೂಜೆ ಸಾಲದ ಪದವನ್ನೇ ಉಳಿಸಿಕೊಂಡಿತು. ಇಂಗ್ಲಿಷಿನ ಕಥೆ ಬೇರೆಯಾಯಿತು. ೧೫೨೬ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದಾಗ ಇಲ್ಲಿ 'ಟ್ರೆಸ್‌ಪಾಸಸ್' ಎಂದು ಬರೆದನು. ೧೫೪೯ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವೂ ಅದೇ ಪದವನ್ನು ಬಳಸಿತು. ೧೫೮೨ರಲ್ಲಿ ಕಥೋಲಿಕರು ರೀಮ್ಸ್ ನಗರದಲ್ಲಿ ಮುದ್ರಿಸಿದ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ 'ಡೆಟ್ಸ್' ಎಂದಿತ್ತು. ೧೬೧೧ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಹಾಗೆಯೇ. ಆದರೆ ಅಷ್ಟರಲ್ಲಿ ಪ್ರಾರ್ಥನೆ ಜನರ ನಾಲಿಗೆಯಲ್ಲಿ ಊರಿಹೋಗಿತ್ತು. ಇಂಗ್ಲಿಷ್ ಕಥೋಲಿಕನು ಗ್ರಂಥದಲ್ಲಿ ಒಂದನ್ನು ಓದಿ ಪ್ರಾರ್ಥನೆಯಲ್ಲಿ ಇನ್ನೊಂದನ್ನು ಹೇಳುವಂತಾಯಿತು. ಇದನ್ನು ಯಾರದೋ ಅಜಾಗರೂಕತೆ ಎನ್ನಬೇಕಾಗಿಲ್ಲ. ಎರಡೂ ಪದಗಳು ಸತ್ಯವನ್ನೇ ಹೇಳುತ್ತವೆ, ಆದರೆ ಒಂದೊಂದು ಅದರ ಒಂದೊಂದು ಮಗ್ಗುಲನ್ನು ತೋರಿಸುತ್ತದೆ.

ಬಾಂದು ಕಲ್ಲು

'ಟ್ರೆಸ್‌ಪಾಸ್' ಎಂದರೇನೆಂದು ತಿಳಿಯಲು ಇಂಗ್ಲಿಷ್ ನಿಘಂಟು ತೆರೆಯಬೇಕಾಗಿಲ್ಲ. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಯಾವ ಹಳ್ಳಿಯ ರೈತನನ್ನಾದರೂ ಕೇಳಿ. ಬದು ಎಂದರೇನು, ಬಾಂದು ಕಲ್ಲು ಎಂದರೇನು, ಒತ್ತುವರಿ ಎಂದರೇನು ಎಂಬುದನ್ನು ಅವನು ನಿಮಗೆ ಹೊಲದಲ್ಲೇ ನಿಲ್ಲಿಸಿ ತೋರಿಸುತ್ತಾನೆ. ಈ ವರ್ಷ ಉಳುವಾಗ ನೇಗಿಲನ್ನು ಒಂದು ಗೇಣು ಬದುವಿನ ಕಡೆಗೆ ಒತ್ತುವುದು, ಬರುವ ವರ್ಷ ಇನ್ನೊಂದು ಗೇಣು. ಹತ್ತು ವರ್ಷದಲ್ಲಿ ಬದು ಕರಗಿರುತ್ತದೆ. ಕಲ್ಲು ಎಲ್ಲಿತ್ತೆಂದು ಹೇಳುವ ಹಿರಿಯರು ತೀರಿಕೊಂಡಿರುತ್ತಾರೆ. ಆಮೇಲೆ ಹದ್ದುಬಸ್ತಿಗೆ ಅರ್ಜಿ, ಸರ್ವೆಯವರ ಸರಪಳಿ, ಪೊಲೀಸ್ ಠಾಣೆ, ನ್ಯಾಯಾಲಯ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಒಂದು ಗೇಣು ಮಣ್ಣಿಗಾಗಿ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗದಂತಾಗುತ್ತದೆ.

ಪವಿತ್ರ ಗ್ರಂಥಕ್ಕೆ ಈ ಗೇಣು ಮಣ್ಣಿನ ಸಂಗತಿ ಗೊತ್ತು. ನೆರೆಯವನ ಗಡಿಕಲ್ಲನ್ನು ಸರಿಸಬಾರದೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ (೧೯:೧೪). ಸರಿಸಿದವನನ್ನು ಶಾಪಗ್ರಸ್ತನೆಂದು ಕರೆಯುತ್ತದೆ (೨೭:೧೭). ಅರಸ ಅಹಾಬನು ನಾಬೋತನ ದ್ರಾಕ್ಷಿತೋಟದ ಮೇಲೆ ಕಣ್ಣು ಹಾಕಿದ ಕಥೆ ನಿಮಗೆ ತಿಳಿದದ್ದೇ. ಅದು ತೋಟದಲ್ಲಿ ಮೊದಲಾಗಿ ಕೊಲೆಯಲ್ಲಿ ಮುಗಿಯಿತು.

ನಮ್ಮ ದೇಶದ ಕಾನೂನೂ ಇದನ್ನು ಗಮನಿಸಿದೆ. ಹಿಂದಿನ ಭಾರತೀಯ ದಂಡ ಸಂಹಿತೆಯ ೪೪೧ನೇ ಕಲಮು ಮತ್ತು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೨೯ನೇ ಕಲಮು ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುತ್ತವೆ. ಆದರೆ ಕಾಲಿಟ್ಟ ಮಾತ್ರಕ್ಕೆ ಅಲ್ಲ. ಯಾವ ಉದ್ದೇಶದಿಂದ ಕಾಲಿಟ್ಟನು ಎಂಬುದನ್ನು ಕಾನೂನು ಕೇಳುತ್ತದೆ. ಧರ್ಮಸಭೆ ಪಾಪದ ಬಗ್ಗೆ ಕಲಿಸುವುದೂ ಹಾಗೆಯೇ. ತಿಳಿದು, ಮನಸ್ಸಾರೆ ಒಪ್ಪಿ ಎಲ್ಲೆ ಮೀರಿದಾಗ ಪಾಪ ಘೋರವಾಗುತ್ತದೆ.

ಎಲ್ಲೆಯಿರುವುದು ಹೊಲಕ್ಕೆ ಮಾತ್ರವಲ್ಲ. ಮಾತಿಗೊಂದು ಎಲ್ಲೆಯಿದೆ. ಇನ್ನೊಬ್ಬರ ಮಾನಕ್ಕೆ, ಇನ್ನೊಬ್ಬರ ಸಂಸಾರಕ್ಕೆ, ಇನ್ನೊಬ್ಬರ ದೇಹಕ್ಕೆ ಎಲ್ಲೆಯಿದೆ. ಹೆಂಡತಿಯ ಮೇಲೆ ಕೈಯೆತ್ತುವ ಗಂಡ ಎಲ್ಲೆ ಮೀರುತ್ತಾನೆ. ನೆರೆಮನೆಯ ಹುಡುಗಿಯ ಬಗ್ಗೆ ಇಲ್ಲದ ಕಥೆ ಕಟ್ಟುವ ಬಾಯಿ ಎಲ್ಲೆ ಮೀರುತ್ತದೆ. 'ಮಾತು ಮಿತಿ ಮೀರಿತು' ಎಂದು ಕನ್ನಡದಲ್ಲಿ ನಾವು ಹೇಳುವಾಗ ಆ ಇಂಗ್ಲಿಷ್ ಪದವನ್ನೇ ನಮ್ಮ ಭಾಷೆಯಲ್ಲಿ ಹೇಳಿದಂತಾಯಿತು.

ಕೊಡದೆ ಉಳಿದದ್ದು

ಈಗ 'ಡೆಟ್' ಎಂಬ ಪದಕ್ಕೆ ಬರೋಣ. ಸಾಲವೆಂದರೆ ನಾವು ಮಾಡಿದ ಕೆಡುಕಲ್ಲ. ಮಾಡದೆ ಬಿಟ್ಟ ಒಳಿತು. ಯಾರ ಗಡಿಯನ್ನೂ ದಾಟದೆ, ಯಾರನ್ನೂ ಬೈಯದೆ, ಯಾರದನ್ನೂ ಕದಿಯದೆ, ಮನೆಯಲ್ಲಿ ಸುಮ್ಮನೆ ಕುಳಿತವನೂ ಸಾಲಗಾರನಾಗಬಲ್ಲ.

ಇದನ್ನು ಹೇಳಲು ಕನ್ನಡದಲ್ಲಿ ಇಂಗ್ಲಿಷಿಗಿಂತ ಒಳ್ಳೆಯ ಪದವಿದೆ. ಅದೇ 'ಋಣ'. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಕಂತಿದೆ. ಋಣಕ್ಕೆ ಇವಾವುವೂ ಇಲ್ಲ. ಹೆತ್ತವರ ಋಣ, ಅನ್ನದ ಋಣ, ಮಣ್ಣಿನ ಋಣ ಎನ್ನುತ್ತೇವೆ. ತೀರಿಸಿ ಮುಗಿಸಿದೆ ಎಂದು ಯಾರೂ ಹೇಳಲಾರರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ಋಣವನ್ನು ನೆನೆದೇ.

ಶುಭಸಂದೇಶವನ್ನು ಈ ಕಣ್ಣಿನಿಂದ ಓದಿ ನೋಡಿ. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಮಗ್ಗುಲಿಂದ ಹಾದುಹೋದ ಯಾಜಕನೂ ಲೇವಿಯನೂ ಏನು ಕೆಡುಕು ಮಾಡಿದರು? ಅವನನ್ನು ಹೊಡೆದವರು ಅವರಲ್ಲ, ದೋಚಿದವರು ಅವರಲ್ಲ. ಎಲ್ಲೆ ಮೀರಿದವರು ಕಳ್ಳರು. ಋಣ ಉಳಿಸಿಕೊಂಡವರು ಈ ದೇವಾಲಯದವರು. ಸಿರಿವಂತನು ತನ್ನ ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಒದ್ದನೆಂದಾಗಲಿ ಅಟ್ಟಿದನೆಂದಾಗಲಿ ಸಂತ ಲೂಕ ಬರೆದಿಲ್ಲ. ಅವನು ಊಟ ಮಾಡಿದನು, ಅಷ್ಟೇ. ಕೊನೆಯ ತೀರ್ಪಿನ ದಿನ ಎಡಗಡೆ ನಿಂತವರ ಮೇಲೆ ಹೊರಿಸುವ ಆಪಾದನೆಗಳನ್ನು ಎಣಿಸಿ (ಮತ್ತಾಯ ೨೫). ಹಸಿದಾಗ ಕೊಡಲಿಲ್ಲ, ಬಾಯಾರಿದಾಗ ಕೊಡಲಿಲ್ಲ, ಸೆರೆಯಲ್ಲಿದ್ದಾಗ ನೋಡಬರಲಿಲ್ಲ. ಅಲ್ಲಿ ಒಂದಾದರೂ 'ಟ್ರೆಸ್‌ಪಾಸ್' ಇಲ್ಲ, ಇರುವುದೆಲ್ಲ 'ಡೆಟ್'!

ಪಾಪನಿವೇದನೆಗೆ ಬರುವಾಗ ನಾವು ಏನನ್ನು ಹೊತ್ತು ತರುತ್ತೇವೆ? ಕೋಪಿಸಿಕೊಂಡೆ, ಸುಳ್ಳು ಹೇಳಿದೆ, ಜಗಳವಾಡಿದೆ. ಎಲ್ಲವೂ ದಾಟಿದ ಗಡಿಗಳ ಪಟ್ಟಿ. ಅದು ಬೇಕು, ಒಳ್ಳೆಯದೇ. ಆದರೆ ಕಳೆದ ಆರು ತಿಂಗಳಿಂದ ಹಾಸಿಗೆ ಹಿಡಿದ ದೊಡ್ಡಪ್ಪನನ್ನು ನೋಡಲು ಹೋಗಲಿಲ್ಲ ಎಂಬುದು ಆ ಪಟ್ಟಿಯಲ್ಲಿ ಇದೆಯೇ? ಕಬ್ಬು ಕಡಿದವರಿಗೆ ಕೂಲಿಯನ್ನು ಮುಂದಿನ ವಾರ, ಅದರ ಮುಂದಿನ ವಾರ ಎಂದು ತಳ್ಳಿದ್ದು ಇದೆಯೇ? ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ (೨೪:೧೫) ಹೇಳುತ್ತದೆ. ಬಲಿಪೂಜೆಯ ಆರಂಭದಲ್ಲಿ ಪಾಪವನ್ನು ಅರಿಕೆ ಮಾಡಿಕೊಳ್ಳುವಾಗ ಧರ್ಮಸಭೆ ನಮ್ಮ ಬಾಯಿಂದ ಮಾಡಿದ್ದನ್ನೂ ಹೇಳಿಸುತ್ತದೆ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ ಹೇಳಿಸುತ್ತದೆ. ಕೊನೆಯದನ್ನು ನಾವು ಅವಸರದಲ್ಲಿ ನುಂಗಿಬಿಡುತ್ತೇವೆ.

ಸಾಲ ಮನ್ನಾ, ತಪ್ಪು ಮನ್ನಿಸು

ಮಂಡ್ಯದ ಜನರಿಗೆ ಸಾಲವೆಂದರೇನೆಂದು ಬೋಧಿಸಬೇಕಾಗಿಲ್ಲ. ೨೦೧೫ರಲ್ಲಿ ಸಾಲಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ರೈತರ ಸುದ್ದಿ ಈ ಜಿಲ್ಲೆಯಿಂದ ದಿನವೂ ಬರುತ್ತಿದ್ದುದನ್ನು ನಾವು ಮರೆತಿಲ್ಲ. ವಿಚಿತ್ರವೆಂದರೆ ಅದೇ ರೈತ ಇನ್ನೊಂದು ಲೆಕ್ಕದಲ್ಲಿ ಸಾಲ ಕೊಟ್ಟವನೂ ಆಗಿರುತ್ತಾನೆ. ಕಬ್ಬು ಪಡೆದ ೧೪ ದಿನಗಳೊಳಗೆ ಕಾರ್ಖಾನೆಯವರು ಹಣ ಕೊಡಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹಣ ತಡವಾದಷ್ಟೂ ಇತ್ತ ಕೈಸಾಲದ ಬಡ್ಡಿ ಬೆಳೆಯುತ್ತದೆ. ದೊಡ್ಡವರು ಉಳಿಸಿಕೊಂಡ ಸಾಲ ಚಿಕ್ಕವರ ಕೊರಳಿಗೆ ಉರುಳಾಗುತ್ತದೆ.

ರಾಜ್ಯ ಸರ್ಕಾರ ೨೦೧೭ರಲ್ಲಿ ಸಹಕಾರ ಸಂಘಗಳ ೫೦,೦೦೦ ರೂಪಾಯಿವರೆಗಿನ ಬೆಳೆಸಾಲವನ್ನೂ, ೨೦೧೮ರ ಜುಲೈ ಬಜೆಟ್ಟಿನಲ್ಲಿ ೨ ಲಕ್ಷ ರೂಪಾಯಿವರೆಗಿನ ಬೆಳೆಸಾಲವನ್ನೂ ಮನ್ನಾ ಮಾಡುವುದಾಗಿ ಘೋಷಿಸಿತು. 'ಸಾಲ ಮನ್ನಾ', 'ತಪ್ಪು ಮನ್ನಿಸು'. ಎರಡೂ ಮಾತುಗಳು ನಮ್ಮ ಕಿವಿಯಲ್ಲಿ ಎಷ್ಟು ಹತ್ತಿರ ಕುಳಿತಿವೆ ನೋಡಿ! ಸಾಲ ಮನ್ನಾ ಎಂದರೆ ಸಾಲ ಗಾಳಿಯಲ್ಲಿ ಕರಗಿಹೋಗುವುದಲ್ಲ. ರೈತ ಕೊಡಬೇಕಾದದ್ದನ್ನು ಸರ್ಕಾರದ ಬೊಕ್ಕಸ ಬ್ಯಾಂಕಿಗೆ ಕೊಡಬೇಕು. ಸಾಲ ಅಳಿಯಬೇಕಾದರೆ ಯಾರಾದರೊಬ್ಬರು ಅದನ್ನು ಹೊರಬೇಕು.

ಸಹೋದರರೇ, ಶಿಲುಬೆಯ ಅರ್ಥವನ್ನು ಇದಕ್ಕಿಂತ ಸರಳವಾಗಿ ಹೇಗೆ ಹೇಳಲಿ? ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರು ಶಿಲುಬೆಗೆ ಜಡಿದು ಅಳಿಸಿಬಿಟ್ಟರೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದರು (೨:೧೪). ಕ್ಷಮೆ ಪುಕ್ಕಟೆಯಾಗಿ ನಮಗೆ ಸಿಕ್ಕಿದೆ. ಕೊಟ್ಟವರಿಗೆ ಅದು ಪುಕ್ಕಟೆಯಾಗಿರಲಿಲ್ಲ.

ಪ್ರಭು ಹೇಳಿದ ಸಾಮತಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ (ಮತ್ತಾಯ ೧೮). ಸೇವಕನೊಬ್ಬನು ಅರಸನಿಗೆ ಕೊಡಬೇಕಾದದ್ದು ೧೦,೦೦೦ ತಲಾಂತು. ಒಂದು ತಲಾಂತಿಗೆ ಸುಮಾರು ೬,೦೦೦ ದೆನಾರಿಯಸ್ ನಾಣ್ಯ. ಒಂದು ದೆನಾರಿಯಸ್ ಎಂದರೆ ಕೂಲಿಯಾಳಿನ ಒಂದು ದಿನದ ಕೂಲಿ. ಅಲ್ಲಿಗೆ ಅವನ ಸಾಲ ೬ ಕೋಟಿ ದಿನಗಳ ಕೂಲಿ. ವರ್ಷಕ್ಕೆ ೩೦೦ ದಿನ ದುಡಿದರೂ ೨ ಲಕ್ಷ ವರ್ಷ ಬೇಕು. ಅದನ್ನು ಅರಸ ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟನು. ಹೊರಗೆ ಬಂದ ಸೇವಕ ತನಗೆ ೧೦೦ ದೆನಾರಿಯಸ್ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದನು. ನೂರು ದಿನದ ಕೂಲಿ ಸಣ್ಣ ಮೊತ್ತವಲ್ಲ, ಬಡವನಿಗೆ ಅದು ದೊಡ್ಡದೇ. ನಮಗೆ ಇತರರು ಮಾಡಿದ ನೋವು ಸುಳ್ಳೆಂದು ಪ್ರಭು ಹೇಳುವುದಿಲ್ಲ. ನಮಗೆ ಬಿಟ್ಟುಕೊಟ್ಟದ್ದರ ಪಕ್ಕದಲ್ಲಿ ಇಟ್ಟು ಅದನ್ನು ಅಳೆಯಿರಿ ಎನ್ನುತ್ತಾರೆ.

ಪೋಪ್ ಎರಡನೇ ಜಾನ್ ಪಾಲರು ೨೦೦೦ದ ಜೂಬಿಲಿಗೆ ಸಿದ್ಧತೆಯಾಗಿ ೧೯೯೪ರಲ್ಲಿ ಬರೆದ ಪತ್ರದಲ್ಲೂ, ಪೋಪ್ ಫ್ರಾನ್ಸಿಸರು ೨೦೨೫ರ ಜೂಬಿಲಿಯನ್ನು ಸಾರಿದ ಪತ್ರದಲ್ಲೂ ಬಡ ದೇಶಗಳ ಸಾಲದ ಹೊರೆಯನ್ನು ಇಳಿಸಬೇಕೆಂದು ಕೇಳಿಕೊಂಡರು. ಯಾಜಕಕಾಂಡದ ೨೫ನೇ ಅಧ್ಯಾಯದ ಜೂಬಿಲಿಯ ನೆನಪು ಅದು. ದೇಶಗಳಿಗೆ ಹೇಳಿದ ಮಾತು ನಮ್ಮ ಬೀದಿಗೂ ಸಲ್ಲುತ್ತದೆ. ಸಂಘದ ಕಂತು ಕಟ್ಟಲಾಗದ ತಾಯಿಯ ಮನೆ ಮುಂದೆ ನಿಂತು ಅವಮಾನಿಸುವುದನ್ನು ತಡೆಯಲು ಕರ್ನಾಟಕ ಸರ್ಕಾರ ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೇಳುವುದು ತಪ್ಪಲ್ಲ. ಸಾಲ ಕೇಳುವ ನೆಪದಲ್ಲಿ ಅವಳ ಮಾನದ ಎಲ್ಲೆ ಮೀರುವುದು ತಪ್ಪು. ಒಬ್ಬರ 'ಡೆಟ್' ಇನ್ನೊಬ್ಬರ 'ಟ್ರೆಸ್‌ಪಾಸ್'ಗೆ ಪರವಾನಗಿಯಲ್ಲ.

ಕ್ಷಮಿಸುವ ಎರಡು ಬಗೆ

ಪದಗಳ ವ್ಯತ್ಯಾಸ ತಿಳಿಯದಿದ್ದರೆ ಕ್ಷಮೆಯ ಬೋಧನೆಯೇ ಅನ್ಯಾಯಕ್ಕೆ ಆಸರೆಯಾಗಬಹುದು. ಸಾಲವನ್ನು ಕ್ಷಮಿಸುವುದೆಂದರೆ ಹೊಡೆದುಹಾಕುವುದು, ಇನ್ನು ಕೇಳದಿರುವುದು. ಎಲ್ಲೆ ಮೀರಿದ್ದನ್ನು ಕ್ಷಮಿಸುವುದೆಂದರೆ ಮನಸ್ಸಿನ ದ್ವೇಷವನ್ನು ಬಿಡುವುದು. ಆದರೆ ಸರಿಸಿದ ಕಲ್ಲು ತನ್ನ ಜಾಗಕ್ಕೆ ಮರಳಬೇಕು. ಜಕ್ಕಾಯನು ತಾನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದಾಗ ಪ್ರಭು ಬೇಡವೆನ್ನಲಿಲ್ಲ. ಆ ಮನೆಗೆ ರಕ್ಷಣೆ ಬಂದಿತೆಂದು ಸಾರಿದರು. ಕಬಳಿಸಿದ ಜಮೀನನ್ನು ಉಳುತ್ತಲೇ 'ಕ್ಷಮಿಸಣ್ಣ' ಎನ್ನುವುದು ಪಶ್ಚಾತ್ತಾಪವಲ್ಲ. ದಿನವೂ ಹೊಡೆತ ತಿನ್ನುವ ಹೆಣ್ಣುಮಗಳಿಗೆ 'ಕ್ಷಮಿಸಿಕೊಂಡು ಹೋಗಮ್ಮ' ಎಂದು ಹೇಳಿ ಅದೇ ಮನೆಗೆ ಕಳಿಸುವುದು ಶುಭಸಂದೇಶವಲ್ಲ. ಮೊದಲು ಹೊಡೆತ ನಿಲ್ಲಬೇಕು, ಆಕೆ ಸುರಕ್ಷಿತಳಾಗಬೇಕು. ಕ್ಷಮೆಯನ್ನು ಆಕೆ ತನ್ನ ಕಾಲದಲ್ಲಿ ದೇವರ ಕೃಪೆಯಿಂದ ಕೊಡುವಳು. ಅದನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಕುಟುಂಬಗಳಲ್ಲಿ ಈ ಎರಡು ಪದಗಳೂ ಒಂದೇ ಕಡೆ ಕೂಡುವ ಜಾಗವೊಂದಿದೆ. ಅದು ತವರಿನ ಆಸ್ತಿ. ಕ್ರೈಸ್ತರಿಗೆ ಅನ್ವಯಿಸುವ ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು. ತಾಯಿ ಇದ್ದರೆ ಮೂರರಲ್ಲಿ ಒಂದು ಪಾಲು ಆಕೆಯದು. ಆದರೂ ಎಷ್ಟೋ ಮನೆಗಳಲ್ಲಿ ಏನಾಗುತ್ತದೆ? ಹಬ್ಬಕ್ಕೆ ಬಂದ ತಂಗಿಗೆ ಸೀರೆ ಉಡಿಸಿ, ಕಾಫಿ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ. ಅವಳು ತುಂಬುಮನಸ್ಸಿನಿಂದ ಬಿಟ್ಟುಕೊಟ್ಟರೆ ಅದು ಸಾಲವನ್ನು ಮನ್ನಿಸಿದಂತೆ. ಆ ಔದಾರ್ಯಕ್ಕೆ ಅಣ್ಣ ಬದುಕಿರುವವರೆಗೆ ಋಣಿ. 'ರುಜು ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ' ಎಂಬ ಭಯದಿಂದ ಅವಳು ರುಜು ಹಾಕಿದರೆ ಅಲ್ಲಿ ಬಾಂದು ಕಲ್ಲು ಸರಿದಿದೆ. ಪತ್ರ ನೋಂದಣಿಯಾಗಿರಬಹುದು, ಪಹಣಿಯಲ್ಲಿ ಅಣ್ಣನ ಹೆಸರೇ ಇರಬಹುದು. ಆ ರುಜುವಿನ ಹಿಂದೆ ಇದ್ದದ್ದು ಪ್ರೀತಿಯೋ ಭಯವೋ ಎಂಬುದು ಪಹಣಿಯಲ್ಲಿ ಬರೆದಿರುವುದಿಲ್ಲ. ಅದು ದೇವರಿಗೆ ಗೊತ್ತು, ಅಣ್ಣನಿಗೂ ಗೊತ್ತು.

ಪ್ರಿಯ ಓದುಗರೇ, ಈ ವಾರ ಒಂದು ಸಣ್ಣ ಅಭ್ಯಾಸ ಮಾಡೋಣ. ರಾತ್ರಿ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಎರಡು ನಿಮಿಷ ಮೌನವಾಗಿ ಕುಳಿತು ಎರಡು ಪ್ರಶ್ನೆಗಳನ್ನು ತಮ್ಮೊಳಗೇ ಕೇಳಿಕೊಳ್ಳಿ. ಇಂದು ನಾನು ಯಾರ ಎಲ್ಲೆ ಮೀರಿದೆ? ಇಂದು ನಾನು ಯಾರಿಗೆ ಏನನ್ನು ಕೊಡದೆ ಉಳಿಸಿಕೊಂಡೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಕಲ್ಲನ್ನು ಹಿಂದಕ್ಕೆ ಸರಿಸಿ. ಎರಡನೆಯದಕ್ಕೆ ಸಿಕ್ಕರೆ ನಾಳೆ ಹೊತ್ತು ಮುಳುಗುವ ಮುನ್ನ ಕೊಟ್ಟುಬಿಡಿ. ಅದು ಕೂಲಿಯಿರಬಹುದು, ಒಂದು ಭೇಟಿಯಿರಬಹುದು, ವರ್ಷಗಳಿಂದ ಆಡದೆ ಉಳಿದ ಒಂದು ಒಳ್ಳೆಯ ಮಾತಿರಬಹುದು. ಆಮೇಲೆ ಮೂರನೆಯದೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ನನಗೆ ಕೊಡಬೇಕಾದವರಲ್ಲಿ ಯಾರ ಹೆಸರನ್ನು ನಾನು ಇಂದು ಹೊಡೆದುಹಾಕಬಲ್ಲೆ?

ಭಾನುವಾರ ಬಲಿಪೂಜೆಯಲ್ಲಿ 'ತಪ್ಪು' ಎಂಬ ಆ ಚಿಕ್ಕ ಪದ ಬಂದಾಗ ಒಂದು ಕ್ಷಣ ನಿಧಾನಿಸಿ. ದಾಟಿದ್ದೂ ಅದರಲ್ಲಿದೆ, ಕೊಡದೆ ಉಳಿದದ್ದೂ ಅದರಲ್ಲಿದೆ. ಎರಡನ್ನೂ ತಂದೆಯ ಮುಂದಿಡಿ. ನಮಗಾಗಿ ನಮ್ಮ ಸಾಲವನ್ನು ಹೊತ್ತ ಪ್ರಭು ಯೇಸುವಿನ ಶಾಂತಿ ನಿಮ್ಮ ಮನೆಗಳಲ್ಲಿಯೂ ನಿಮ್ಮ ಹೊಲದ ಬದುಗಳ ಮೇಲೂ ನೆಲೆಸಲಿ. ಆಮೆನ್.